ಹತ್ತು ತಿಂಗಳ ಮಗು, ಬ್ರೇಕಿಂಗ್ ನ್ಯೂಸ್: ರಾಜಕೀಯ ಬೀಟ್ ಬಿಡಬೇಕಾ?

ಪ್ರಶ್ನೆ: ಮೇಡಂ, ನನಗೆ 33 ವರ್ಷ. ಬೆಂಗಳೂರಿನ ಒಂದು ಕನ್ನಡ ನ್ಯೂಸ್ ಚಾನೆಲ್‌ನ ಪೊಲಿಟಿಕಲ್ ಬ್ಯೂರೋದಲ್ಲಿ ಎಂಟು ವರ್ಷ ರಿಪೋರ್ಟರ್ ಆಗಿದ್ದೆ. ರಾಜಕೀಯವೇ ನನ್ನ ಬೀಟ್, ಅಂದರೆ ನನಗೆ ವಹಿಸಿದ ವರದಿಯ ಕ್ಷೇತ್ರ. ಹೆರಿಗೆ ರಜೆ ಮುಗಿಸಿ ವಾಪಸ್ ಬಂದಾಗ ನನ್ನನ್ನು ಡೆಸ್ಕ್‌ಗೆ, ಅಂದರೆ ಆಫೀಸ್‌ನಲ್ಲೇ ಕೂತು ಸುದ್ದಿ ತಿದ್ದುವ ಕೆಲಸಕ್ಕೆ ಹಾಕಿದರು. ಬೆಳಿಗ್ಗೆ ಶಿಫ್ಟ್. "ರಾಜಕೀಯ ಬೀಟ್ ಅಂದ್ರೆ ಹಗಲು ರಾತ್ರಿ ಕೆಲಸ. ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ನೋಡೋಣ" ಅಂತಾರೆ ಬ್ಯೂರೋ ಚೀಫ್. ಅವರು ಒಳ್ಳೆಯವರೇ, ಬೈದು ಹೇಳಿದ್ದಲ್ಲ. ಆದರೆ ನನ್ನ ಬೀಟ್ ಈಗ ಬೇರೆಯವರ ಕೈಯಲ್ಲಿದೆ. ಮಗಳಿಗೆ ಹತ್ತು ತಿಂಗಳು. ಅತ್ತೆ ಹಾಸನದಿಂದ ಬಂದು ನಮ್ಮ ಜೊತೆ ಇದ್ದಾರೆ. ಅವರಿಗೆ ಮಂಡಿ ನೋವು, ಸಂಜೆ ಹೊತ್ತಿಗೆ ಸುಸ್ತಾಗಿಬಿಡುತ್ತಾರೆ. ಗಂಡ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಈ ನಡುವೆ ಒಬ್ಬ ಶಾಸಕರ ಕಡೆಯಿಂದ ಅವರ ಮೀಡಿಯಾ ನೋಡಿಕೊಳ್ಳುವ ಕೆಲಸಕ್ಕೆ ಆಫರ್ ಬಂದಿದೆ, ಸಂಬಳ ಜಾಸ್ತಿ. ಹೋಗಿಬಿಡಲಾ? ಡಿಸೆಂಬರ್‌ನ ಬೆಳಗಾವಿ ಅಧಿವೇಶನಕ್ಕೆ ಯಾರ್‍ಯಾರು ಬರ್ತೀರಾ ಅಂತ ಗ್ರೂಪ್‌ನಲ್ಲಿ ಕೇಳಿದ್ದಾರೆ. ನನ್ನ ತವರು ಧಾರವಾಡ. ಹೆಸರು ಕೊಡಲಾ? ಇನ್ನೊಂದು ಸಣ್ಣ ಪ್ರಶ್ನೆ. ಮಗಳ ನಾಮಕರಣಕ್ಕೆ ಒಬ್ಬ ನಾಯಕರು ಬೆಳ್ಳಿ ತಟ್ಟೆ ಕಳಿಸಿದ್ದರು. ಇಟ್ಟುಕೊಂಡಿದ್ದೇವೆ. ತಪ್ಪಾ?

(ಹೆಸರು ಬೇಡ, ಬೆಂಗಳೂರು)

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಬೀಟ್ ವಾಪಸ್ ಕೇಳಿ, ಆದರೆ ಮೊದಲಿದ್ದ ಹಾಗೇ ಬೇಡ. ಶಾಸಕರ ಕೆಲಸ ಬೇಡ. ಬೆಳಗಾವಿಗೆ ಹೆಸರು ಕೊಡಿ. ಬೆಳ್ಳಿ ತಟ್ಟೆ ವಾಪಸ್ ಕಳಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು. ನಾನು ಇಬ್ಬರು ಮಕ್ಕಳನ್ನು ಬೆಳೆಸುತ್ತಲೇ ರಾಜಕೀಯ ವರದಿ ಮಾಡಿದವಳು. ಆಮೇಲೆ ಅಸೈನ್‌ಮೆಂಟ್ ಡೆಸ್ಕ್‌ನಲ್ಲಿ ಕೂತು ಬೇರೆಯವರಿಗೆ ಡ್ಯೂಟಿ ಹಾಕಿದವಳು. ಹಾಗಾಗಿ ಡ್ಯೂಟಿ ಮಾಡುವವರ ಕಷ್ಟವೂ ಗೊತ್ತು, ಹಾಕುವವರ ತಲೆನೋವೂ ಗೊತ್ತು.

ನಿಮ್ಮ ಚೀಫ್ ಹೇಳಿದ್ದು ಅರ್ಧ ನಿಜ. ರಾಜಕೀಯ ಬೀಟ್‌ನಲ್ಲಿ ಕೆಲಸಕ್ಕಿಂತ ಕಾಯುವುದು ಜಾಸ್ತಿ. ನೀವೇ ನೆನಪು ಮಾಡಿಕೊಳ್ಳಿ. ಮುಖ್ಯಮಂತ್ರಿಗಳ 'ಕಾವೇರಿ' ನಿವಾಸದ ಗೇಟ್ ಹತ್ತಿರ, ಕ್ವೀನ್ಸ್ ರಸ್ತೆಯ ಕಾಂಗ್ರೆಸ್‌ನ ಕೆಪಿಸಿಸಿ ಕಚೇರಿಯಲ್ಲಿ, ಮಲ್ಲೇಶ್ವರದ ಬಿಜೆಪಿ ಕಚೇರಿ ಜಗನ್ನಾಥ ಭವನದ ಹೊರಗೆ ಎಷ್ಟು ಗಂಟೆ ನಿಂತಿದ್ದೀರಿ? ಅದರಲ್ಲಿ ಸುದ್ದಿ ಸಿಕ್ಕಿದ್ದು ಎಷ್ಟು ನಿಮಿಷ? ಯಾರೋ ಕಾರಿನಿಂದ ಇಳಿಯುತ್ತಾರೆ, ಹತ್ತಾರು ಮೈಕ್ ಒಟ್ಟಿಗೆ ಮುಂದಕ್ಕೆ ಹೋಗುತ್ತವೆ, "ಹೈಕಮಾಂಡ್ ತೀರ್ಮಾನಕ್ಕೆ ಬದ್ಧ" ಅಂತ ಹೇಳಿ ಒಳಗೆ ಹೋಗುತ್ತಾರೆ. ಮೈಕ್ ಮುಂದೆ ಹೇಳಿದ ಆ ಒಂದು ಮಾತು, ನಾವು ಬೈಟ್ ಅನ್ನುವುದು, ಎಲ್ಲಾ ಚಾನೆಲ್‌ನಲ್ಲೂ ಅದೇ. ಅದಕ್ಕಾಗಿ ಮೂರು ಗಂಟೆ ನಿಲ್ಲಲು ಎಂಟು ವರ್ಷದ ಅನುಭವ ಬೇಕಾ? ಕಳೆದ ತಿಂಗಳು ಸೇರಿದ ಹುಡುಗನೂ ನಿಲ್ಲಬಲ್ಲ. ಕ್ಯಾಮೆರಾಮನ್ ಒಬ್ಬರೇ ಮೈಕ್ ಹಿಡಿದು ಬೈಟ್ ತಂದ ಉದಾಹರಣೆಗಳೂ ಬೇಕಾದಷ್ಟಿವೆ.

ನಿಜವಾಗಲೂ ಮನೆ ಮರೆಯಬೇಕಾದ ದಿನಗಳು ಇಲ್ಲ ಅಂತಲ್ಲ. 2018ರ ಮೇ ತಿಂಗಳು ನಿಮಗೆ ನೆನಪಿರಬೇಕು. 15ಕ್ಕೆ ಫಲಿತಾಂಶ ಬಂತು, ಯಾರಿಗೂ ಬಹುಮತ ಇಲ್ಲ. 16ರ ರಾತ್ರಿ ಕಾಂಗ್ರೆಸ್ ಶಾಸಕರು ರೆಸಾರ್ಟ್‌ನಲ್ಲಿ. ಮಧ್ಯರಾತ್ರಿ ಕಳೆದ ಮೇಲೆ ದಿಲ್ಲಿಯಲ್ಲಿ ಸುಪ್ರೀಂ ಕೋರ್ಟ್ ಕೂತಿತು, ಬೆಳಗಿನ ಜಾವದವರೆಗೂ ವಿಚಾರಣೆ ನಡೆಯಿತು. 17ರ ಬೆಳಿಗ್ಗೆ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು, 19ಕ್ಕೆ ವಿಶ್ವಾಸಮತಕ್ಕೂ ಮೊದಲೇ ರಾಜೀನಾಮೆ ಕೊಟ್ಟರು. ಮರುವರ್ಷ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ಚರ್ಚೆ 18ಕ್ಕೆ ಶುರುವಾಗಿ, ಇವತ್ತು ಮತ ನಾಳೆ ಮತ ಅಂತ ಎಳೆದು, 23ರ ಸಂಜೆ ಪರ 99, ವಿರೋಧ 105 ಮತಕ್ಕೆ ಮುಗಿಯಿತು. 2023ರಲ್ಲಿ ಮೇ 13ಕ್ಕೆ ಸ್ಪಷ್ಟ ಬಹುಮತ ಬಂದರೂ ಮುಖ್ಯಮಂತ್ರಿ ಯಾರು ಅಂತ ಪ್ರಕಟವಾಗಿದ್ದು 18ಕ್ಕೆ. ಇಂಥ ದಿನಗಳಲ್ಲಿ ಮನೆಗೆ ಎಷ್ಟು ಗಂಟೆಗೆ ಹೋಗ್ತೀನಿ ಅಂತ ಯಾರೂ ಹೇಳಲಾರರು. ಹೋಗಬೇಕು ಅಂತ ಅನ್ನಿಸುವುದೂ ಇಲ್ಲ, ನಿಜ ಹೇಳಬೇಕೆಂದರೆ. ನಾವು ಈ ಕೆಲಸಕ್ಕೆ ಬಂದಿದ್ದೇ ಅಂಥ ದಿನಗಳಿಗಾಗಿ.

ಆದರೆ ಐದು ವರ್ಷದಲ್ಲಿ ಅಂಥ ದಿನಗಳು ಎಷ್ಟು? ಬೆರಳೆಣಿಕೆ. ಉಳಿದ ದಿನಗಳನ್ನೂ ಅದೇ ಥರ ನಡೆಸುವುದು ನಮ್ಮ ಚಾನೆಲ್‌ಗಳ ಅಭ್ಯಾಸ. ಪಕ್ಕದ ಚಾನೆಲ್‌ನವರು ನಿಂತಿದ್ದಾರೆ, ಅದಕ್ಕೇ ನಾವೂ ನಿಂತಿದ್ದೇವೆ. ಅವರು ನಾವು ನಿಂತಿದ್ದೇವೆ ಅಂತ ನಿಂತಿದ್ದಾರೆ. ಮಗು ಇರುವ ಹೆಣ್ಣುಮಗಳಿಗೆ "ನಿನಗೆ ಆಗಲ್ಲ" ಅಂತ ಹೇಳುವಾಗ ಈ ಅಭ್ಯಾಸಕ್ಕೇ ರಾಜಕೀಯ ವರದಿಗಾರಿಕೆ ಅಂತ ಹೆಸರಿಟ್ಟಿರುತ್ತಾರೆ.

ನಿಮ್ಮ ಬೆಲೆ ಇರುವುದು ಬೇರೆ ಕಡೆ. ಯಾವ ಶಾಸಕ ಯಾರ ಜೊತೆ ಮುನಿಸಿಕೊಂಡಿದ್ದಾರೆ, ಯಾವ ಜಿಲ್ಲೆಯಲ್ಲಿ ಯಾರ ಮಾತು ನಡೆಯುತ್ತದೆ, ಎರಡು ವರ್ಷದ ಹಿಂದೆ ಇದೇ ಮನುಷ್ಯ ಇದೇ ಜಾಗದಲ್ಲಿ ಏನು ಹೇಳಿದ್ದರು, ನಿಮ್ಮ ಫೋನ್ ಯಾರು ಎತ್ತುತ್ತಾರೆ. ಇದು ಎಂಟು ವರ್ಷದ ಗಳಿಕೆ. ಡೆಸ್ಕ್‌ನಲ್ಲಿ ಒಂದು ವರ್ಷ ಕೂತರೆ ಇದು ಕರಗುತ್ತಾ ಹೋಗುತ್ತದೆ. ಮೂಲಗಳು ನಿಮ್ಮನ್ನು ಮರೆಯುತ್ತವೆ, ಅವರ ತಪ್ಪಲ್ಲ. ಫೋನ್ ಮಾಡದವರನ್ನು ರಾಜಕಾರಣಿಗಳು ಬೇಗ ಮರೆಯುತ್ತಾರೆ. ಹಾಗಾಗಿ ಬೀಟ್ ವಾಪಸ್ ಬರುವವರೆಗೆ ಕಾಯಬೇಡಿ. ಇವತ್ತಿನಿಂದಲೇ ದಿನಕ್ಕೆ ಇಬ್ಬರಿಗೆ ಫೋನ್ ಮಾಡಿ. ಸುದ್ದಿ ಕೇಳಲೇಬೇಕು ಅಂತೇನಿಲ್ಲ, ಸುಮ್ನೆ ಮಾತಾಡಿ.

ಇನ್ನು ಹೊತ್ತಿನ ವಿಷಯ. 2019ರ ಅಕ್ಟೋಬರ್‌ನಲ್ಲಿ ವಿಧಾನಸಭೆಯ ಒಳಗೆ ಖಾಸಗಿ ಚಾನೆಲ್‌ಗಳ ಕ್ಯಾಮೆರಾ ನಿಲ್ಲಿಸಿದರು, ದೂರದರ್ಶನದ ಫೀಡ್ ತಗೊಳ್ಳಿ ಅಂದರು. ಆಗ ನಾವೆಲ್ಲ ಪ್ರತಿಭಟನೆ ಮಾಡಿದೆವು, ಮಾಡಬೇಕಾದ್ದೇ. ಆದರೆ ಒಂದು ಮಾತು ನಿಜ, ಕಲಾಪವನ್ನು ಈಗ ಎಲ್ಲಿ ಕೂತಾದರೂ ನೋಡಬಹುದು. ಸುದ್ದಿ ಇರುವುದು ಮೊಗಸಾಲೆಯಲ್ಲಿ, ಕ್ಯಾಂಟೀನ್‌ನಲ್ಲಿ, ಮಂತ್ರಿಗಳ ಕೊಠಡಿಯ ಹೊರಗೆ. ಅದೆಲ್ಲ ಹಗಲು ಹೊತ್ತಿನ ಕೆಲಸ. ಸಂಪುಟ ಸಭೆ ಸಾಮಾನ್ಯವಾಗಿ ಗುರುವಾರ, ಬ್ರೀಫಿಂಗ್ ಮುಗಿದು ಸ್ಟೋರಿ ಹೋಗುವಷ್ಟರಲ್ಲಿ ಕತ್ತಲಾಗುತ್ತದೆ. ಅದು ಮೊದಲೇ ಗೊತ್ತಿರುವ ಕತ್ತಲು. ಮಗುವಿಗೆ ವ್ಯವಸ್ಥೆ ಮಾಡಬಹುದು. ತಾಯಂದಿರನ್ನು ಸುಸ್ತು ಮಾಡುವುದು ಗೊತ್ತಿಲ್ಲದ ಕತ್ತಲು. "ಏಳು ಗಂಟೆಗೆ ಬಿಡ್ತೀನಿ" ಅಂತ ಹೊರಟವರಿಗೆ ಏಳಕ್ಕೆ ಐದು ನಿಮಿಷ ಇರುವಾಗ ಬರುವ ಫೋನ್.

ಹಾಗಾದರೆ ಚೀಫ್ ಹತ್ತಿರ ಏನು ಕೇಳಬೇಕು? "ನನಗೆ ಅನುಕೂಲ ಮಾಡಿಕೊಡಿ ಸರ್" ಅಂತ ಮಾತ್ರ ಶುರು ಮಾಡಬೇಡಿ. ಡ್ಯೂಟಿ ಹಾಕುವವರಿಗೆ ಮಗು ಇರುವ ರಿಪೋರ್ಟರ್ ಬಗ್ಗೆ ಭಯ ಇರುವುದಿಲ್ಲ. ಬರ್ತಾಳೋ ಇಲ್ಲವೋ ಗೊತ್ತಾಗದ ರಿಪೋರ್ಟರ್ ಬಗ್ಗೆ ಭಯ ಇರುತ್ತದೆ. ಅವರಿಗೆ ಬೇಕಾಗಿರುವುದು ಗ್ಯಾರಂಟಿ. ಸರ್ಕಾರದ ಹಾಗೆ ಐದು ಕೊಡಬೇಕಿಲ್ಲ, ಎರಡು ಸಾಕು. ಒಂದು, ವಾರದಲ್ಲಿ ಯಾವ ಎರಡು ಸಂಜೆ ನೀವು ಎಷ್ಟು ಹೊತ್ತಾದರೂ ಇರುತ್ತೀರಿ ಅಂತ ಹೇಳಿ. ಒಂದು ಗುರುವಾರ ಇರಲಿ, ಇನ್ನೊಂದು ಅವರೇ ಆರಿಸಲಿ. ಎರಡನೆಯದು, ಸರ್ಕಾರ ಬೀಳುವ ಏಳುವ ಥರದ ದಿನ ಬಂದರೆ ಮಾತಿಲ್ಲದೆ ಬರುತ್ತೀರಿ ಅಂತ ಹೇಳಿ. ಇದಕ್ಕೆ ಬದಲಾಗಿ ನೀವು ಕೇಳುವುದು ಇಷ್ಟೇ: ಉಳಿದ ಸಂಜೆಗಳ ಗೇಟ್ ಡ್ಯೂಟಿ ಬೇರೆಯವರಿಗೆ. ರಾತ್ರಿ ಏನಾದರೂ ಬಂದರೆ ಮನೆಯಿಂದಲೇ ಫೋನೋ, ಅಂದರೆ ಫೋನ್‌ನಲ್ಲೇ ಲೈವ್ ವರದಿ ಕೊಡುತ್ತೀರಿ. ನೀವು ವರದಿ ಮಾಡುವ ಪಕ್ಷ ಯಾವುದು, ಇಲಾಖೆಗಳು ಯಾವುವು ಅನ್ನುವುದು ಮೊದಲಿನ ಹಾಗೇ ನಿಮ್ಮ ಹೆಸರಲ್ಲಿರಬೇಕು.

ಇದನ್ನು ಬಾಯಲ್ಲಿ ಮಾತಾಡಿ, ಅದೇ ದಿನ ಸಣ್ಣ ಮೇಲ್ ಹಾಕಿ. "ಇವತ್ತು ಮಾತಾಡಿದ ಹಾಗೆ" ಅಂತ ಶುರುಮಾಡಿ ನಾಲ್ಕು ಸಾಲು. ನ್ಯೂಸ್ ರೂಮ್‌ನಲ್ಲಿ ಚೀಫ್‌ಗಳು ಬದಲಾಗುತ್ತಿರುತ್ತಾರೆ. ಹೊಸಬರು ಬಂದಾಗ ಹಳಬರು ಒಪ್ಪಿದ್ದು ಗಾಳಿಗೆ ಹೋಗುತ್ತದೆ.

ಇನ್ನೊಂದು ಪ್ರಶ್ನೆಯನ್ನೂ ಕೇಳಿ, ನಗುತ್ತಲೇ ಕೇಳಿ. ನಿಮ್ಮ ಬ್ಯೂರೋದಲ್ಲಿ ಈ ಎರಡು ವರ್ಷದಲ್ಲಿ ತಂದೆಯಾದ ಗಂಡಸರು ಯಾರಾದರೂ ಇದ್ದಾರಾ? ಅವರನ್ನೂ ಡೆಸ್ಕ್‌ಗೆ ಹಾಕಿದರಾ? "ಪಾಪ, ಮಗು ಇದೆ" ಅನ್ನುವ ಕರುಣೆ ಬೈಗುಳಕ್ಕಿಂತ ಕಷ್ಟ. ಬೈದರೆ ಜಗಳ ಆಡಬಹುದು. ಪಾಪ ಅಂದರೆ ಥ್ಯಾಂಕ್ಸ್ ಹೇಳಿ ಬರಬೇಕಾಗುತ್ತದೆ. ಹಾಗಂತ ಡೆಸ್ಕ್ ಕೀಳು ಅಂತ ನಾನು ಹೇಳುತ್ತಿಲ್ಲ. ಒಳ್ಳೆಯ ಔಟ್‌ಪುಟ್ ಎಡಿಟರ್ ಇಲ್ಲದೆ ಯಾವ ಚಾನೆಲ್ಲೂ ನಿಲ್ಲುವುದಿಲ್ಲ. ನೀವೇ ಆರಿಸಿಕೊಂಡು ಹೋದರೆ ಅದು ಕೆರಿಯರ್. ಪತ್ರ ನೋಡಿದರೆ ನೀವು ಆರಿಸಿಕೊಂಡ ಹಾಗೆ ಕಾಣಲಿಲ್ಲ.

ಕಾನೂನು ಏನು ಹೇಳುತ್ತದೆ ಅಂತಲೂ ತಿಳಿದಿರಲಿ, ಜಗಳಕ್ಕಲ್ಲದಿದ್ದರೂ ಧೈರ್ಯಕ್ಕೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು, ಮೊದಲ ಎರಡು ಹೆರಿಗೆಗೆ ಸಂಬಳ ಸಹಿತ ರಜೆ 26 ವಾರ ಆಯಿತು. 2025ರ ನವೆಂಬರ್ 21ರಿಂದ ಇದು ಸಾಮಾಜಿಕ ಭದ್ರತಾ ಸಂಹಿತೆಯ ಒಳಗೆ ಸೇರಿದೆ, 26 ವಾರ ಹಾಗೇ ಇದೆ. ನೀವು ರಜೆ ಪಡೆದಾಯಿತು ಬಿಡಿ. ನಿಮಗೆ ಈಗ ಬೇಕಾಗಿರುವುದು ಬೇರೆ. ಮಗುವಿಗೆ 15 ತಿಂಗಳು ಆಗುವವರೆಗೆ, ಮಾಮೂಲಿ ಬಿಡುವಿನ ಜೊತೆಗೆ, ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. ನಿಮಗೆ ಇನ್ನೂ ಐದು ತಿಂಗಳಿದೆ. 50 ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು. ಚಾನೆಲ್‌ಗಳಲ್ಲಿ 50 ಜನ ಇರುವುದಿಲ್ಲವಾ? ಗ್ರಾಮ ಪಂಚಾಯಿತಿಗಳಲ್ಲಿ ಶುರುವಾದ 'ಕೂಸಿನ ಮನೆ' ಬಗ್ಗೆ ನಾವೇ ಸ್ಟೋರಿ ಮಾಡಿ ಹೊಗಳುತ್ತೇವೆ. ನಮ್ಮ ಕಟ್ಟಡದಲ್ಲಿ ಕೂಸಿಗೆ ಜಾಗ ಎಲ್ಲಿದೆ ಅಂತ ಕೇಳುವುದಿಲ್ಲ. ನೀವು ಕೇಳಿ. ಒಬ್ಬರೇ ಬೇಡ, ಆಂಕರ್, ಎಡಿಟರ್, ಮೇಕಪ್ ವಿಭಾಗದ ಹೆಣ್ಣುಮಕ್ಕಳು, ಚಿಕ್ಕ ಮಕ್ಕಳಿರುವ ಕ್ಯಾಮೆರಾಮನ್‌ಗಳು ಎಲ್ಲರೂ ಸೇರಿ ಎಚ್‌ಆರ್‌ಗೆ ಬರೆದು ಕೊಡಿ.

ಬೀಟ್ ವಿಷಯದಲ್ಲಿ ಕಾನೂನು ಅಷ್ಟು ಗಟ್ಟಿ ಇಲ್ಲ. ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವಂತಿಲ್ಲ, ಸೇವೆಯ ಷರತ್ತುಗಳನ್ನು ನಿಮಗೆ ನಷ್ಟವಾಗುವ ಹಾಗೆ ಬದಲಿಸುವಂತಿಲ್ಲ. ಆದರೆ ವಾಪಸ್ ಬಂದವರಿಗೆ ಇದೇ ಬೀಟ್ ಕೊಡಿ ಅಂತ ಯಾವ ಕಾನೂನೂ ಹೇಳುವುದಿಲ್ಲ. ಅದನ್ನು ಮಾತಾಡಿಯೇ ಪಡೆಯಬೇಕು. ಈಗ ಕೆಲಸದ ಸುರಕ್ಷತೆ ಕುರಿತ ಇನ್ನೊಂದು ಹೊಸ ಸಂಹಿತೆಯ ಪ್ರಕಾರ ಸಂಜೆ 7ರಿಂದ ಬೆಳಿಗ್ಗೆ 6ರ ನಡುವೆ ಹೆಣ್ಣುಮಕ್ಕಳಿಂದ ಕೆಲಸ ಮಾಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ಹೊಣೆ ಸಂಸ್ಥೆಯದು. ಇದನ್ನೇ ನೆಪ ಮಾಡಿಕೊಂಡು "ರಾತ್ರಿ ಕಳಿಸೋಕಾಗಲ್ಲಮ್ಮ" ಅನ್ನುವವರು ಇರುತ್ತಾರೆ. ಒಪ್ಪಿಗೆ ಕೊಡುವುದು ಬಿಡುವುದು ನಿಮ್ಮ ಕೈಯಲ್ಲಿದೆ ಅಂತ ನೆನಪಿಸಿ. ರಾತ್ರಿ ವಾಪಸ್ ಬರಲು ಕ್ಯಾಬ್ ಕೇಳಿ.

ಕಾಂಟ್ರ್ಯಾಕ್ಟ್‌ನಲ್ಲಿರುವ ಬೇರೆ ಓದುಗರಿಗೂ ಒಂದು ಮಾತು. "ನಿಮ್ಮ ಕಾಂಟ್ರ್ಯಾಕ್ಟ್ ರಜೆಯ ನಡುವೆ ಮುಗಿಯುತ್ತೆ, ಅಲ್ಲಿಗೆ ಸಂಬಳವೂ ಮುಗೀತು" ಅಂತ ಹೇಳಿದರೆ ನಂಬಬೇಡಿ. ಗುತ್ತಿಗೆ ಅವಧಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಕವಿತಾ ಯಾದವ್ ಪ್ರಕರಣದಲ್ಲಿ ಹೇಳಿದೆ.

ಈಗ ನಿಮ್ಮ ಮನೆಗೆ ಬರುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪತ್ರದಲ್ಲಿ ಅತ್ತೆಯ ಮಂಡಿ ನೋವಿದೆ, ಚೀಫ್ ಸ್ವಭಾವ ಇದೆ, ಶಾಸಕರಿದ್ದಾರೆ, ಬೆಳ್ಳಿ ತಟ್ಟೆಯೂ ಇದೆ. ಗಂಡನ ಬಗ್ಗೆ ಇರುವುದು ಒಂದೇ ಸಾಲು, "ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ". ಅವರ ಆಫೀಸ್ ಹೊತ್ತು ಏನು, ಮನೆಯಿಂದ ಕೆಲಸ ಮಾಡುವ ದಿನ ಉಂಟಾ, ಸಂಜೆ ಮಗಳನ್ನು ಯಾರು ಮಲಗಿಸುತ್ತಾರೆ, ಒಂದೂ ಇಲ್ಲ. ನನಗೆ ಬರುವ ಪತ್ರಗಳಲ್ಲಿ ಇದು ಮಾಮೂಲು. ರಾಜಕೀಯ ವರದಿ ಮಾಡುವ ಗಂಡಸರು ಮನೆಯಲ್ಲಿ ಮಕ್ಕಳನ್ನು ಬಿಟ್ಟು ತಿಂಗಳುಗಟ್ಟಲೆ ಚುನಾವಣೆ ಸುತ್ತಿದ್ದಾರೆ. ಅವರ ಬ್ಯಾಲೆನ್ಸ್ ಬಗ್ಗೆ ಯಾರೂ ಪತ್ರ ಬರೆಯಲಿಲ್ಲ. ಆ ಬ್ಯಾಲೆನ್ಸ್ ಅವರ ಹೆಂಡತಿಯರು ಮಾಡಿಕೊಟ್ಟಿದ್ದರು.

ಖಾಸಗಿ ಕಂಪನಿಗಳು ತಂದೆಗೆ ರಜೆ ಕೊಡಲೇಬೇಕು ಅನ್ನುವ ಕಾನೂನು ನಮ್ಮಲ್ಲಿ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನ ಇದೆ. ಕೆಲವು ಸಾಫ್ಟ್‌ವೇರ್ ಕಂಪನಿಗಳು ತಾವಾಗಿಯೇ ಕೊಡುತ್ತವೆ. ಅದಕ್ಕಿಂತ ಮುಖ್ಯ, ಅವರ ಮೀಟಿಂಗ್‌ಗಳು ಕ್ಯಾಲೆಂಡರ್‌ನಲ್ಲಿರುತ್ತವೆ. ನಿಮ್ಮದು ಇರುವುದಿಲ್ಲ. ಹಾಗಾಗಿ ನಿಮ್ಮಿಬ್ಬರಲ್ಲಿ 'ಗೊತ್ತಿರುವ ಸಂಜೆ' ಅವರ ಹತ್ತಿರ ಇದೆ. ನಿಮ್ಮ ಎರಡು ಲೇಟ್ ಸಂಜೆಗಳಲ್ಲಿ ಊಟ, ಸ್ನಾನ, ಮಲಗಿಸುವುದು ಪೂರ್ತಿ ಅವರದು. ಸಹಾಯ ಅಂತ ಅಲ್ಲ, ಡ್ಯೂಟಿ ಅಂತ. ಆ ಸಂಜೆ ನೀವು ಫೋನ್ ಮಾಡಿ "ರಾಗಿ ಸರಿ ಕೊಟ್ರಾ, ಟೋಪಿ ಹಾಕಿದ್ರಾ" ಅಂತ ಕೇಳಬಾರದು. ಕಷ್ಟ, ಗೊತ್ತು. ಆದರೆ ಲೈವ್‌ನಲ್ಲಿ ನಿಂತು ಮನೆಯ ಡೆಸ್ಕ್ ನಡೆಸಲು ಹೋದರೆ ಎರಡೂ ಕೆಡುತ್ತವೆ.

ಅತ್ತೆಯವರನ್ನು ಈ ಲೆಕ್ಕದಲ್ಲಿ ಕೊನೆಗೆ ಇಡಿ. ಹತ್ತು ತಿಂಗಳ ಮಗು ಅಂದ್ರೆ ಅಂಬೆಗಾಲು, ಏನು ಸಿಕ್ಕರೂ ಬಾಯಿಗೆ. ಇನ್ನೆರಡು ತಿಂಗಳಲ್ಲಿ ಹಿಡಿದು ನಡೆಯಲು ಶುರು. ಮಂಡಿ ನೋವಿನ ಹಿರಿಯರು ಅದರ ಹಿಂದೆ ಓಡಲಾರರು, ಹೇಳಿಕೊಳ್ಳುವುದೂ ಇಲ್ಲ. ಹಗಲು ಹೊತ್ತಿಗೆ ಒಬ್ಬ ಆಯಾ ಅಥವಾ ಮನೆ ಹತ್ತಿರದ ಡೇ ಕೇರ್ ನೋಡಿ, ಅತ್ತೆ ಮೇಲ್ವಿಚಾರಣೆ ಮಾಡಲಿ. ಖರ್ಚಾಗುತ್ತದೆ. ಕೆಲವು ತಿಂಗಳು ನಿಮ್ಮ ಸಂಬಳದ ದೊಡ್ಡ ಪಾಲು ಅದಕ್ಕೇ ಹೋಗಬಹುದು. ಆಗ ಮನೆಯಲ್ಲಿ ಯಾರಾದರೂ "ಅಷ್ಟಕ್ಕೆ ಕೆಲಸ ಯಾಕೆ" ಅಂತ ಕೇಳುತ್ತಾರೆ. ಆ ಖರ್ಚನ್ನು ನಿಮ್ಮ ಸಂಬಳದಿಂದ ಮಾತ್ರ ಕಳೆಯುವುದೇ ತಪ್ಪು ಲೆಕ್ಕ. ಮಗು ಇಬ್ಬರದು, ಖರ್ಚೂ ಇಬ್ಬರದು.

ನಮ್ಮ ರಾಜಕೀಯದ ಕ್ಯಾಲೆಂಡರ್ ಒಂದು ಸಹಾಯ ಮಾಡುತ್ತದೆ. 2008, 2013, 2018, 2023, ನಾಲ್ಕೂ ವಿಧಾನಸಭಾ ಚುನಾವಣೆಗಳು ಮೇ ತಿಂಗಳಲ್ಲೇ ನಡೆದವು. 2024ರ ಲೋಕಸಭೆಗೆ ನಮ್ಮಲ್ಲಿ ಮತದಾನ ಆಗಿದ್ದು ಏಪ್ರಿಲ್ 26 ಮತ್ತು ಮೇ 7ಕ್ಕೆ. ಮಕ್ಕಳಿಗೆ ಬೇಸಿಗೆ ರಜೆ, ಅಜ್ಜಿ ಮನೆ, ಮಾವಿನಹಣ್ಣು. ನನ್ನ ಮಕ್ಕಳಿಗೆ ಚುನಾವಣೆ ಅಂದ್ರೆ ಅಜ್ಜಿ ಮನೆಗೆ ಹೋಗುವ ಕಾಲ ಅಂತಲೇ ತಲೆಯಲ್ಲಿತ್ತು. ನಿಮ್ಮ ಮಗಳು ಶಾಲೆಗೆ ಹೋದ ಮೇಲೆ ಕಷ್ಟ ಬರುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಬಜೆಟ್ ಅಧಿವೇಶನವೂ ಆಗಲೇ, ಪರೀಕ್ಷೆಯೂ ಆಗಲೇ. ಅದು ಇನ್ನೂ ದೂರ ಇದೆ.

ಶಾಲೆ ಅಂದಾಗ ಬೆಳ್ಳಿ ತಟ್ಟೆ ನೆನಪಾಯಿತು. ನೀವು ಸಣ್ಣ ಪ್ರಶ್ನೆ ಅಂದಿರಿ. ನನಗೆ ಪತ್ರದಲ್ಲಿ ದೊಡ್ಡದಾಗಿ ಕಂಡಿದ್ದೇ ಇದು. ಒಬ್ಬಂಟಿ ರಿಪೋರ್ಟರ್‌ಗೆ ರಾಜಕಾರಣಿ ಏನು ಕೊಡಬಲ್ಲರು? ಹಬ್ಬಕ್ಕೆ ಸ್ವೀಟ್ ಬಾಕ್ಸ್, ಒಂದು ಡೈರಿ. ಮಗು ಹುಟ್ಟಿದ ಮೇಲೆ ನಮಗೆ ನೂರು ಅಗತ್ಯ ಶುರುವಾಗುತ್ತವೆ. ಆಸ್ಪತ್ರೆಯಲ್ಲಿ ಬೆಡ್, ಬಿಲ್ಲಿನಲ್ಲಿ ರಿಯಾಯಿತಿ, ಒಳ್ಳೆಯ ಶಾಲೆಯಲ್ಲಿ ಸೀಟು. ಒಂದು ಫೋನ್ ಸಾಕು, ಒಂದು ಲೆಟರ್‌ಹೆಡ್ ಸಾಕು. ಅವರೇ ಕೇಳುತ್ತಾರೆ, "ಮಗು ಎಲ್ಲಿಗೆ ಸೇರಿಸ್ತೀಯಮ್ಮ? ಹೇಳು, ನಾನು ಮಾತಾಡ್ತೀನಿ." ಪ್ರೀತಿಯಿಂದಲೇ ಕೇಳಿರುತ್ತಾರೆ. ಸುಳ್ಳಲ್ಲ ಆ ಪ್ರೀತಿ. ಅದಕ್ಕೇ ಬೇಡ ಅನ್ನುವುದು ಕಷ್ಟ.

ಶಿಫಾರಸು ತಗೊಂಡು ಮಗುವನ್ನು ಶಾಲೆಗೆ ಸೇರಿಸಿದ ಒಳ್ಳೊಳ್ಳೆಯ ವರದಿಗಾರರನ್ನು ನೋಡಿದ್ದೇನೆ. ಯಾರೂ ಅವರಿಗೆ ಇದು ಬರೀಬೇಡ ಅಂತ ಹೇಳಲಿಲ್ಲ. ಅವರೇ ಪ್ರೆಸ್ ಮೀಟ್‌ನಲ್ಲಿ ಎರಡನೇ ಪ್ರಶ್ನೆ ಕೇಳುವುದನ್ನು ಬಿಟ್ಟರು. ಮೊದಲ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಉತ್ತರ ಜಾರಿದಾಗ ಹಿಡಿದು ಕೇಳುವ ಎರಡನೆಯದರಲ್ಲಿ ರಾಜಕೀಯ ವರದಿಗಾರರು ಯಾರು ಅಂತ ಗೊತ್ತಾಗುವುದು. ಮಗಳ ಫೀಸಿನ ರಿಯಾಯಿತಿ ತಲೆಯಲ್ಲಿದ್ದರೆ ಅದು ಗಂಟಲಿಂದ ಈಚೆ ಬರುವುದಿಲ್ಲ.

ತಟ್ಟೆಯನ್ನು ಈಗ ವಾಪಸ್ ಕಳಿಸಿದರೆ ಅವರಿಗೆ ಅವಮಾನ ಆಗುವುದಿಲ್ಲವಾ ಅಂತ ನೀವು ಕೇಳಬಹುದು. ಆಗದ ಹಾಗೆ ಕಳಿಸುವ ದಾರಿ ಇದೆ. ನೀವೇ ಹೋಗಿ, ಅವರ ಪಿಎ ಕೈಯಲ್ಲಿ ಕೊಡಬೇಡಿ. "ನಿಮ್ಮ ಆಶೀರ್ವಾದ ಇಟ್ಟುಕೊಂಡಿದ್ದೇನೆ ಸರ್, ತಟ್ಟೆ ನಮ್ಮ ಕೆಲಸದಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ" ಅಂತ ಹೇಳಿ. ಹಳೇ ತಲೆಮಾರಿನ ರಾಜಕಾರಣಿಗಳು ಇಂಥದ್ದನ್ನು ಮರೆಯುವುದಿಲ್ಲ, ಆಮೇಲೆ ನಿಮ್ಮ ಫೋನನ್ನು ಬೇಗ ಎತ್ತುತ್ತಾರೆ. ಎತ್ತದಿದ್ದರೂ ಪರವಾಗಿಲ್ಲ. ಮುಂದಿನ ಬರ್ತ್‌ಡೇಗೆ ರಾಜಕಾರಣಿಗಳನ್ನು ಕರೆಯಬೇಡಿ. ಮನೆಯವರಿಗೂ ಹೇಳಿಡಿ. ಎಷ್ಟೋ ಸಲ ನಮಗೆ ಗೊತ್ತಿಲ್ಲದೆ ನಮ್ಮ ಬಂಧುಗಳು "ಮಂತ್ರಿಗಳು ನಮ್ಮ ಹುಡುಗಿಗೆ ಪರಿಚಯ" ಅಂತ ಸಾಲ ಮಾಡಿಟ್ಟಿರುತ್ತಾರೆ.

ಮಗಳ ಫೋಟೋ ಬಗ್ಗೆಯೂ ಎರಡು ಮಾತು. ನಿಮ್ಮ ಮುಖ ಟಿವಿಯಲ್ಲಿ ಬರುತ್ತದೆ, ಪಕ್ಷಗಳ ಬೆಂಬಲಿಗರು ನಿಮ್ಮನ್ನು ಗುರುತಿಡುತ್ತಾರೆ. ಒಂದು ವರದಿ ಇಷ್ಟ ಆಗದಿದ್ದರೆ ರಾತ್ರಿಯಿಡೀ ಬೈಯುತ್ತಾರೆ. ಹೆಣ್ಣುಮಕ್ಕಳಾದರೆ ಮೊದಲು ಹೋಗುವುದು ಮನೆಯವರ ಮೇಲೆ. ಮಗುವಿನ ಮುಖ, ಹೆಸರು, ಡೇ ಕೇರ್ ಬೋರ್ಡ್, ಮುಂದೆ ಶಾಲೆಯ ಯೂನಿಫಾರ್ಮ್, ಯಾವುದೂ ಸಾರ್ವಜನಿಕ ಖಾತೆಯಲ್ಲಿ ಬೇಡ. ವಾಟ್ಸಾಪ್ ಡಿಪಿಯೂ ಸಾರ್ವಜನಿಕವೇ. ನಿಮ್ಮ ನಂಬರ್ ನೂರಾರು ಕಾರ್ಯಕರ್ತರ ಹತ್ತಿರ ಇದೆ ಅಲ್ವಾ?

ಇನ್ನು ಶಾಸಕರ ಆಫರ್. ಸಂಬಳ ಜಾಸ್ತಿ, ಒಪ್ಪುತ್ತೇನೆ. ಆದರೆ ನೀವು ಹೊತ್ತಿಗಾಗಿ ಹೋಗುವುದಾದರೆ ಅಲ್ಲಿ ಹೊತ್ತು ಸಿಗುವುದಿಲ್ಲ. ಇಲ್ಲಿ ನಿಮ್ಮ ಬದಲು ಇನ್ನೊಬ್ಬ ರಿಪೋರ್ಟರ್ ಹೋಗಬಹುದು. ಅಲ್ಲಿ ನಿಮ್ಮ ಬದಲು ಯಾರೂ ಇಲ್ಲ. ಬೆಳಿಗ್ಗೆ ಆರಕ್ಕೆ "ಪೇಪರ್‌ನಲ್ಲಿ ಏನು ಬಂದಿದೆ" ಅಂತ ಒಂದು ಫೋನ್, ರಾತ್ರಿ ಹನ್ನೊಂದಕ್ಕೆ "ಆ ಪೋಸ್ಟ್ ಯಾಕೆ ಹಾಕಿಲ್ಲ" ಅಂತ ಇನ್ನೊಂದು. ಭಾನುವಾರ ಕ್ಷೇತ್ರ ಪ್ರವಾಸ. ಅವರು ಮುಂದಿನ ಸಲ ಸೋತರೆ ನಿಮ್ಮ ಕೆಲಸವೂ ಸೋಲುತ್ತದೆ. ಅಲ್ಲಿಂದ ಮತ್ತೆ ವರದಿಗಾರಿಕೆಗೆ ಬರಬಹುದು, ಬಂದವರಿದ್ದಾರೆ, ಆದರೆ ರಾಜಕೀಯ ಬೀಟ್‌ಗೆ ಬರುವಾಗ "ಇವರು ಇಂಥವರ ಕಡೆಯವರು" ಅನ್ನುವ ಮಾತು ಜೊತೆಗೇ ಬರುತ್ತದೆ. ಸಂಸ್ಥೆ ಬಿಟ್ಟರೆ ವಾರ್ತಾ ಇಲಾಖೆ ವರದಿಗಾರರಿಗೆ ಕೊಡುವ ಮಾನ್ಯತೆ ಕಾರ್ಡ್ ಕೂಡ ಸಂಸ್ಥೆಯ ಜೊತೆಗೇ ಹೋಗುತ್ತದೆ, ಅದನ್ನೂ ಲೆಕ್ಕಕ್ಕಿಟ್ಟುಕೊಳ್ಳಿ. ಚೀಫ್ ಒಪ್ಪದಿದ್ದರೆ ಮೊದಲು ಬೇರೆ ಚಾನೆಲ್‌ನ ಡಿಜಿಟಲ್ ವಿಭಾಗ, ಪತ್ರಿಕೆಯ ಬ್ಯೂರೋ ನೋಡಿ. ಪತ್ರಿಕೆಯಲ್ಲೂ ರಾತ್ರಿ ಇದೆ, ಆದರೆ ಡೆಡ್‌ಲೈನ್ ಇಷ್ಟೊತ್ತಿಗೆ ಅಂತ ಒಂದು ಗಡಿ ಇರುತ್ತದೆ.

ಕೊನೆಗೆ ಬೆಳಗಾವಿ. ಹೆಸರು ಕೊಡಿ ಅಂದಿದ್ದು ಧಾರವಾಡ ನಿಮ್ಮ ತವರು ಅಂತ ಓದಿದ ಮೇಲೆ. ಸುವರ್ಣ ವಿಧಾನಸೌಧ ಇರುವುದು ಹಲಗಾ ಹತ್ತಿರ, ಹೆದ್ದಾರಿಯ ಪಕ್ಕ, ಬೆಳಗಾವಿ ಊರಿಗಿಂತ ಮೊದಲೇ, ಧಾರವಾಡದ ದಿಕ್ಕಿಗೆ. ಊರೊಳಗಿನ ಟ್ರಾಫಿಕ್ ದಾಟಬೇಕಿಲ್ಲ, ಒಂದೂವರೆ ಗಂಟೆಯಲ್ಲಿ ತವರು ಮನೆ. ಮಗಳನ್ನು ನಿಮ್ಮ ತಾಯಿಯ ಹತ್ತಿರ ಬಿಡಿ. ಅಧಿವೇಶನಕ್ಕೆ ಒಂದೆರಡು ವಾರ ಮೊದಲೇ ಕರೆದುಕೊಂಡು ಹೋಗಿ, ಅಜ್ಜಿಯ ಕೈ ಪರಿಚಯ ಆಗಲಿ. ಹತ್ತು ತಿಂಗಳ ಮಕ್ಕಳು ಹೊಸ ಮುಖ ನೋಡಿದರೆ ಅಳುವ ವಯಸ್ಸು. ಅತ್ತೆಯವರಿಗೂ ಹಾಸನಕ್ಕೆ ಹೋಗಿ ಮಂಡಿಗೆ ವಿಶ್ರಾಂತಿ ಕೊಡಲು ಅವಕಾಶ ಸಿಗುತ್ತದೆ. ಗಂಡನಿಗೆ ವಾರಾಂತ್ಯ ಧಾರವಾಡಕ್ಕೆ ಬರಲು ಹೇಳಿ, ಮನೆಯಿಂದ ಕೆಲಸ ಮಾಡುವ ದಿನಗಳಿದ್ದರೆ ಶುಕ್ರವಾರ, ಸೋಮವಾರ ಅಲ್ಲಿಂದಲೇ ಮಾಡಲಿ.

ದಿನಾ ರಾತ್ರಿ ಓಡಾಡಬೇಡಿ. ಡಿಸೆಂಬರ್ ಚಳಿ, ಮಂಜು, ಹೆದ್ದಾರಿಯಲ್ಲಿ ಲಾರಿಗಳು. ಬುಧವಾರ ಗುರುವಾರ ರಾತ್ರಿ ಬೆಳಗಾವಿಯಲ್ಲೇ ಉಳಿಯಿರಿ, ಉಳಿದ ದಿನ ತವರಿಗೆ ಹೋಗಿ. ಅಧಿವೇಶನದ ರಾತ್ರಿ ಊಟದ ಹೊತ್ತಿನಲ್ಲಿ ಸಿಗುವ ಸುದ್ದಿ ಬೆಂಗಳೂರಿನಲ್ಲಿ ತಿಂಗಳಾದರೂ ಸಿಗುವುದಿಲ್ಲ. ಶಾಸಕರು ಮನೆ ಬಿಟ್ಟು ಬಂದಿರುತ್ತಾರೆ, ಬೇಜಾರಾಗಿರುತ್ತಾರೆ, ಮಾತಿಗೆ ಸಿಗುತ್ತಾರೆ. ಕಳೆದುಹೋದ ಮೂಲಗಳನ್ನು ಮತ್ತೆ ಹಿಡಿಯಲು ಇದಕ್ಕಿಂತ ಒಳ್ಳೆಯ ಸಂದರ್ಭ ಇಲ್ಲ. ಹಾಲು ಇನ್ನೂ ಕುಡಿಸುತ್ತಿದ್ದರೆ ಉಳಿಯುವ ದಿನಗಳಿಗೆ ಬ್ರೆಸ್ಟ್ ಪಂಪ್ ಜೊತೆಗಿರಲಿ, ಇಲ್ಲದಿದ್ದರೆ ಎದೆ ಗಟ್ಟಿಯಾಗಿ ಜ್ವರ ಬರಬಹುದು. ತೆಗೆದ ಹಾಲನ್ನು ಫ್ರಿಜ್‌ನಲ್ಲಿ ನಾಲ್ಕು ದಿನ ಇಡಬಹುದು.

ರೂಮ್ ಮಾತ್ರ ಈಗಲೇ ಬುಕ್ ಮಾಡಿಸಿ. ಆಫೀಸ್‌ನವರು ಮಾಡ್ತಾರೆ ಅಂತ ಕೂತರೆ ನಾಲ್ಕು ಜನಕ್ಕೆ ಒಂದು ರೂಮ್ ಹಾಕಿಬಿಡುತ್ತಾರೆ. ಅಧಿವೇಶನ ಶುರುವಾದ ಮೇಲೆ ಬೆಳಗಾವಿಯಲ್ಲಿ ಹೋಟೆಲ್ ರೂಮ್ ಸಿಗುವುದು ಮಂತ್ರಿ ಸ್ಥಾನ ಸಿಕ್ಕಷ್ಟೇ ಕಷ್ಟ.